ಉಚಿತದ ಆಟ, ಮರೆಯ ಬೆಲೆ

ಬೆಲೆಯಿಲ್ಲದೆ ಕೊಡುವುದರಲ್ಲಿ ಎರಡು ಬಗೆಯುಂಟು. ಕೊಟ್ಟು ಮರೆಯುವುದು ಒಂದು. ಕೊಟ್ಟುದನ್ನೇ ಬಾಗಿಲನ್ನಾಗಿ ಮಾಡಿ, ಒಳಗೆ ಬಂದವನೊಡನೆ ವ್ಯಾಪಾರಕ್ಕೆ ಕುಳಿತುಕೊಳ್ಳುವುದು ಇನ್ನೊಂದು. ಇಂದು ಮೊಬೈಲಿನಲ್ಲಿ ಆಡುವ ವಿಡಿಯೋ ಗೇಮುಗಳಲ್ಲಿ ಬಹುಭಾಗವು ಎರಡನೆಯ ಬಗೆಗೆ ಸೇರಿದುದು. ಆಟವನ್ನು ಪಡೆಯಲು ಹಣ ಬೇಡ. ಆಡಲು ತೊಡಗುವುದಕ್ಕೂ ಬೇಡ. ಒಳಹೊಕ್ಕ ಮೇಲೆ ಉಡುಪು, ಆಯುಧ, ಹೊಸ ಪಾತ್ರ, ಕಾಯುವ ಹೊತ್ತಿನ ಉಳಿತಾಯ ಮೊದಲಾದುವು ಮಾರಾಟಕ್ಕಿರುತ್ತವೆ. ಈ ವ್ಯಾಪಾರವು ಆಟಗಾರನ ಪಾಲಿಗೆ ನ್ಯಾಯವಾದುದೆ ಎಂಬುದು ಹಲವು ದೇಶಗಳ ಸರ್ಕಾರಗಳ ಮುಂದೆ ಬಂದಿರುವ ಪ್ರಶ್ನೆ. ಮಕ್ಕಳ ಕೈಗೆ ಮೊಬೈಲನ್ನು ಕೊಟ್ಟಿರುವ ಮನೆಮನೆಯ ಪ್ರಶ್ನೆಯೂ ಅಹುದು.

ಮೊದಲು ಈ ವ್ಯಾಪಾರದ ಪಕ್ಷದಲ್ಲಿ ಹೇಳತಕ್ಕುದನ್ನು ಹೇಳಿಬಿಡಬೇಕು. ಆಟವೊಂದನ್ನು ಕಟ್ಟಲು ನೂರಾರು ಜನರು ವರ್ಷಗಟ್ಟಲೆ ದುಡಿಯುವುದುಂಟು. ದುಡಿದವನಿಗೆ ಕೂಲಿ ಬೇಡವೆನ್ನುವುದು ಯಾವ ನೀತಿಯೂ ಅಲ್ಲ. ಅಮೆರಿಕದ ವಾಲ್ವ್ ಸಂಸ್ಥೆಯು 2013ರಲ್ಲಿ ಹೊರತಂದ ಡೋಟಾ 2 ಎಂಬ ಆಟದಲ್ಲಿ ಕಾದಾಡುವ ವೀರರನ್ನು ಪಡೆಯಲು ಯಾರೂ ಹಣ ತೆರಬೇಕಾಗಿಲ್ಲ. ಹಣಕ್ಕೆ ಮಾರುವುದು ಬಹುಮಟ್ಟಿಗೆ ಆ ವೀರರ ವೇಷಭೂಷಣಗಳನ್ನು. ಕೊಂಡವನ ಕತ್ತಿ ಹೆಚ್ಚು ಹೊಳೆಯಬಹುದು, ಹೆಚ್ಚು ಹರಿತವಾಗುವುದಿಲ್ಲ. ಉಳ್ಳವನು ಅಲಂಕಾರಕ್ಕೆಂದು ತೆತ್ತ ಹಣದ ನೆರಳಿನಲ್ಲಿ ಇಲ್ಲದವನೂ ಅದೇ ಅಂಗಳದಲ್ಲಿ ಸರಿಸಮನಾಗಿ ಆಡುತ್ತಾನೆ. ಇಷ್ಟರಲ್ಲಿ ದೋಷವೆಣಿಸುವುದು ಕಷ್ಟ. (ಅಲಂಕಾರವನ್ನೂ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಅದೃಷ್ಟದ ಮೇಲೆ ಮಾರುವ ಚಾಳಿ ಈ ಸಂಸ್ಥೆಗೂ ಉಂಟು, ಆ ಮಾತು ಮುಂದೆ ಬರುತ್ತದೆ.)

ಆದುದರಿಂದ ಹಣವನ್ನು ಏಕೆ ಪಡೆದರೆಂದು ಕೇಳಿ ಫಲವಿಲ್ಲ. ತಾನು ಎಷ್ಟು ಕೊಡುತ್ತಿದ್ದೇನೆ, ಏನನ್ನು ಪಡೆಯುತ್ತಿದ್ದೇನೆ ಎಂಬುದು ಕೊಡುವ ಗಳಿಗೆಯಲ್ಲಿ ಕೊಳ್ಳುವವನಿಗೆ ತಿಳಿದಿತ್ತೆ? ಈ ಒಂದು ಪ್ರಶ್ನೆಯ ದೀಪವನ್ನು ಹಿಡಿದು ಅಂಗಡಿಯ ಒಳಗನ್ನು ನೋಡಬೇಕು.

2012ರಲ್ಲಿ ಬಂದ ಕ್ಯಾಂಡಿ ಕ್ರಷ್ ಸಾಗಾ ಎಂಬ ಆಟದಲ್ಲಿ ಆಟಗಾರನಿಗೆ ಐದು ಜೀವಗಳು. ಸೋತಾಗ ಒಂದು ಹೋಗುತ್ತದೆ; ಹೋದುದು ಮರಳಲು 30 ನಿಮಿಷ ಬೇಕು. ಅದೇ ವರ್ಷ ಫಿನ್ಲೆಂಡಿನಿಂದ ಬಂದ ಕ್ಲಾಷ್ ಆಫ್ ಕ್ಲಾನ್ಸ್‌ನಲ್ಲಿ ಮೇಲಣ ಹಂತದ ಕಟ್ಟಡ ಏಳಬೇಕಾದರೆ ದಿನಗಳೇ ಕಳೆಯಬೇಕು. ಕಾಯಲಾರದವನು ಹಣ ತೆತ್ತು ಹೊತ್ತನ್ನು ಮೊಟಕುಮಾಡಿಕೊಳ್ಳಬಹುದು. ಅಲ್ಲಿ ಇಟ್ಟಿಗೆ ಬೇಯಬೇಕಾಗಿಲ್ಲ, ಗಾರೆ ಒಣಗಬೇಕಾಗಿಲ್ಲ. ಮಾರುವವನೇ ತಡೆಯನ್ನು ಒಡ್ಡಿ, ಅದನ್ನು ತೆಗೆಯುವುದಕ್ಕೆ ಕೂಲಿ ಕೇಳುತ್ತಾನೆ. ಶೋಭೆಯ ಕೆಲಸವಲ್ಲ. ಆದರೂ ತಾನು ಏನನ್ನು ಕೊಳ್ಳುತ್ತಿದ್ದೇನೆಂಬುದು ಕೊಳ್ಳುವವನಿಗೆ ಗೊತ್ತಿದೆ, ತಾಳ್ಮೆಯುಳ್ಳವನು ಕಾಸು ಕಳೆಯದೆ ಮುಂದೆ ಸಾಗುತ್ತಾನೆ. ಇದನ್ನು ಸಣ್ಣತನವೆನ್ನಬಹುದು, ವಂಚನೆಯೆನ್ನಲಾಗದು.

ನಾಣ್ಯದ ವಿಷಯ ಹಾಗಲ್ಲ. ಇಂಥ ಆಟಗಳಲ್ಲಿ ರೂಪಾಯಿ ಡಾಲರುಗಳನ್ನು ಕೊಟ್ಟು ವಸ್ತುವನ್ನು ನೇರವಾಗಿ ಕೊಳ್ಳುವುದಕ್ಕೆ ಅನೇಕ ವೇಳೆ ಅವಕಾಶವಿರುವುದಿಲ್ಲ. ಮೊದಲು ಆಟದ್ದೇ ಆದ ನಾಣ್ಯವನ್ನು ಕಟ್ಟುಕಟ್ಟಾಗಿ ಕೊಳ್ಳಬೇಕು, ಅನಂತರ ಅದರಿಂದ ವಸ್ತುವನ್ನು. ಕಟ್ಟಿನ ಅಳತೆಗೂ ವಸ್ತುವಿನ ಬೆಲೆಗೂ ಹೊಂದಿಕೆ ತಪ್ಪಿದಾಗ ಚಿಲ್ಲರೆ ಉಳಿಯುತ್ತದೆ. ಉಳಿದುದು ಮರಳಿ ಹಣವಾಗದು. ಅದನ್ನು ವ್ಯರ್ಥವಾಗಿಸಬಾರದೆಂದರೆ ಮತ್ತೊಂದು ಕಟ್ಟನ್ನು ಕೊಳ್ಳಬೇಕು. ಎಪಿಕ್ ಗೇಮ್ಸ್ ಸಂಸ್ಥೆಯ ಫೋರ್ಟ್‌ನೈಟ್‌ನಲ್ಲಿ ಈ ನಾಣ್ಯಕ್ಕೆ ವಿ-ಬಕ್ಸ್ ಎಂದು ಹೆಸರು. 2022ರ ಡಿಸೆಂಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಈ ಸಂಸ್ಥೆಯ ಮೇಲೆ ಹೊರಿಸಿದ ಆರೋಪಗಳು ಓದತಕ್ಕವು. ಗುಂಡಿಗಳ ಜೋಡಣೆ ಗೊಂದಲಗೊಳಿಸುವಂತಿದ್ದು, ವಸ್ತುವನ್ನು ಬರಿದೆ ನೋಡಹೊರಟವನೂ ಪಕ್ಕದ ಗುಂಡಿಯೊಂದನ್ನು ಒತ್ತಿದರೆ ಹಣ ಕಳೆದುಕೊಳ್ಳುತ್ತಿದ್ದನು. ಮಕ್ಕಳು ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಖರ್ಚು ಮಾಡಿದರು. ಹತ್ತು ಲಕ್ಷಕ್ಕೂ ಮಿಕ್ಕ ದೂರುಗಳನ್ನು ಸಂಸ್ಥೆ ಕಡೆಗಣಿಸಿತು. ಕಾರ್ಡಿನ ಸಂಸ್ಥೆಗೆ ತಕರಾರು ಸಲ್ಲಿಸಿದವರ ಖಾತೆಗಳಿಗೆ ಬೀಗ ಹಾಕಿ, ಅವರು ಅದುವರೆಗೆ ಕೊಂಡಿದ್ದುದನ್ನೂ ಕೈಗೆ ಸಿಗದಂತೆ ಮಾಡಿತು. ಆಟಗಾರರಿಗೆ ಹಿಂದಿರುಗಿಸಲೆಂದು 24.5 ಕೋಟಿ ಡಾಲರುಗಳನ್ನು ಕೊಡಲು ಸಂಸ್ಥೆ ಒಪ್ಪಿಕೊಂಡಿತು. ಮೊದಲ ಕಂತಿನ ಹಣ ಜನರ ಕೈಸೇರಿದ್ದು 2024ರ ಡಿಸೆಂಬರಿನಲ್ಲಿ.

ಇವೆಲ್ಲಕ್ಕಿಂತ ಆಳವಾದುದು ಅದೃಷ್ಟದ ಮಾರಾಟ. ಜಪಾನಿನಲ್ಲಿ ನಾಣ್ಯ ಹಾಕಿ ಹಿಡಿ ತಿರುಗಿಸಿದರೆ ಯಾವುದೋ ಒಂದು ಆಟಿಕೆಯ ಉಂಡೆ ಉದುರುವ ಯಂತ್ರಗಳಿವೆ. ಆ ಹಿಡಿಯ ಸದ್ದಿನಿಂದ ಈ ಮಾರಾಟಕ್ಕೆ ಗಾಚಾ ಎಂಬ ಹೆಸರು ಬಂದಿತು. ಅಲ್ಲಿನ ಮೊಬೈಲು ಆಟಗಳು ಅದಕ್ಕೊಂದು ತಿರುವು ಕೊಟ್ಟುವು. ಅದೃಷ್ಟದಿಂದ ಬರುವ ವಸ್ತುಗಳ ಒಂದು ಪೂರ್ಣ ಕೂಟವನ್ನು ಸೇರಿಸಿದವನಿಗೆ ಮಾತ್ರ ಅಪರೂಪದ ಬಹುಮಾನ. ಆರು ವಸ್ತುಗಳ ಕೂಟವೆಂದೂ, ಆರೂ ಸಮಸಂಭವವುಳ್ಳವೆಂದೂ ಇಟ್ಟುಕೊಂಡು ಲೆಕ್ಕ ಹಾಕಿದರೆ ಕೂಟ ತುಂಬಲು ಸರಾಸರಿ 14.7 ಸಲ ಹಣ ಹಾಕಬೇಕಾಗುತ್ತದೆ. ಅದರಲ್ಲಿ ಕೊನೆಯ ಒಂದಕ್ಕೇ ಆರು ಸಲ. ಮೊದಲ ಮೂರು ಬೇಗ ಬಂದುವೆಂದು ಹಿಗ್ಗಿದ ಬಾಲಕ ಆರನೆಯದೂ ಅಷ್ಟೇ ಬೇಗ ಬರುವುದೆಂದು ನಂಬುತ್ತಾನೆ. ನಂಬಿಕೆ ಬಲಿತಷ್ಟೂ ದಾರಿ ಉದ್ದವಾಗುತ್ತದೆ. ಈ ಕ್ರಮ ಕಾನೂನಿಗೆ ವಿರುದ್ಧವೆಂದು ಜಪಾನಿನ ಗ್ರಾಹಕ ವ್ಯವಹಾರಗಳ ಇಲಾಖೆ 2012ರ ಮೇ ತಿಂಗಳಲ್ಲಿ ಸಾರಿತು. ಸರಳವಾದ ಗಾಚಾ ಮಾತ್ರ ಉಳಿದುಕೊಂಡಿತು.

2020ರಲ್ಲಿ ಚೀನದಿಂದ ಬಂದ ಗೆನ್‌ಶಿನ್ ಇಂಪ್ಯಾಕ್ಟ್ ಅದಕ್ಕೆ ಪ್ರಸಿದ್ಧವಾದ ನಿದರ್ಶನ. ಆಟ ಸುಂದರವಾದುದು, ಕಾಸಿಲ್ಲದೆ ಅದರ ಬೆಟ್ಟ ಬಯಲುಗಳಲ್ಲೆಲ್ಲ ಅಲೆಯಬಹುದು. ಆದರೆ ಪಂಚತಾರಾ ಪಾತ್ರವೊಂದು ಒಂದು ಎಳೆತದಲ್ಲಿ ದೊರೆಯುವ ಮೂಲ ಸಂಭವ ಶೇಕಡಾ 0.6. ತೊಂಬತ್ತನೆಯ ಎಳೆತದೊಳಗೆ ಒಂದು ಖಂಡಿತ. ಆದರೆ ಅದು ಬಯಸಿದುದೇ ಆಗಬೇಕೆಂದಿಲ್ಲ. ಬಯಸಿದುದು ಖಂಡಿತವಾಗಲು 180 ಎಳೆತಗಳವರೆಗೂ ಹೋಗಬೇಕಾದೀತು. ಎಳೆತವೊಂದಕ್ಕೆ 160 ಪ್ರೈಮೋಜೆಮ್; 180ಕ್ಕೆ 28,800. ಪ್ರೈಮೋಜೆಮ್ ಕೊಳ್ಳಲು ಬೇರೊಂದು ಹರಳು. ಹಣಕ್ಕೆ ಸಿಗುವುದು ಆ ಹರಳು. ಹೀಗೆ ಮೂರು ತೆರೆಗಳ ಹಿಂದೆ ನಿಂತ ಬೆಲೆಯನ್ನು ಬಿಡಿಸಿ ನೋಡಿದರೆ, ಎಲ್ಲವನ್ನೂ ಹಣದಿಂದಲೇ ಪಡೆಯಹೊರಟವನಿಗೆ ಒಂದು ಪಾತ್ರಕ್ಕೆ 350 ಡಾಲರಿಗೂ ಮೀರಿ ತಗಲಬಹುದು. ಹದಿಮೂರರ ಬಾಲಕನು ಈ ಗಣಿತವನ್ನು ಮಾಡಿಕೊಂಡೇ ಗುಂಡಿಯೊತ್ತುತ್ತಾನೆಂದು ಹೇಳಬಲ್ಲವರು ಯಾರು?

ಸಂಭವದ ಅಂಕಿಗಳನ್ನು ಪ್ರಕಟಿಸಿದ್ದೇವೆ, ಒತ್ತಾಯ ಯಾರ ಮೇಲೂ ಇಲ್ಲವೆಂಬುದು ಸಂಸ್ಥೆಗಳ ಉತ್ತರ. ಅರ್ಧ ಸತ್ಯ. ಬೆಳೆದವನು ತನ್ನ ಹಣವನ್ನು ತನ್ನ ಸಂತೋಷಕ್ಕೆ ವ್ಯಯಿಸಿದರೆ ಅಡ್ಡಿಮಾಡುವ ಹಕ್ಕು ಪರರಿಗಿಲ್ಲ. ಆದರೆ ಇಲ್ಲಿ ಮಾರುವವನು ಸಂತೆಯ ವ್ಯಾಪಾರಿಯಂತೆ ಕೊಳ್ಳುವವನ ಸ್ಥಿತಿಗತಿಯನ್ನರಿಯದವನಲ್ಲ. ಯಾರು ಯಾವ ಹೊತ್ತಿನಲ್ಲಿ ಎಷ್ಟನೆಯ ಸಲ ಎಷ್ಟು ಕಳೆದರೆಂಬ ಲೆಕ್ಕ ಅವನ ಯಂತ್ರಗಳಲ್ಲಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಸತಿ ಲಕ್ಕಮ್ಮನು ಈ ಹೆಚ್ಚಳವೇಕೆಂದು ಕೇಳಿ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿದ ಕಥೆ ವಾಚಕರಿಗೆಲ್ಲ ಗೊತ್ತು. ಕದ್ದುದಲ್ಲದ ಅಕ್ಕಿಯ ವಿಷಯದಲ್ಲಿಯೂ ಆಕೆ ಆ ಪ್ರಶ್ನೆಯನ್ನು ಬಿಡಲಿಲ್ಲ. ಒಂದು ರಾತ್ರಿಯಲ್ಲಿ ಒಬ್ಬನಿಂದಲೇ ಹರಿದುಬಂದ ಹಣದ ಮುಂದೆ ಈ ಪ್ರಶ್ನೆಯನ್ನು ಕೇಳುವವರು ಸಂಸ್ಥೆಗಳೊಳಗೆ ಇಲ್ಲದಿದ್ದುದರಿಂದಲೇ ಸರ್ಕಾರಗಳು ಕೇಳಬೇಕಾಯಿತು. 2025ರ ಜನವರಿಯಲ್ಲಿ ಗೆನ್‌ಶಿನ್ ಇಂಪ್ಯಾಕ್ಟಿನ ಪ್ರಕಾಶಕರು ಅಮೆರಿಕದ ಆಯೋಗದೊಡನೆ ರಾಜಿಮಾಡಿಕೊಂಡು 2 ಕೋಟಿ ಡಾಲರು ದಂಡ ತೆರಲು ಒಪ್ಪಿದರು. 16 ವರ್ಷದೊಳಗಿನವರಿಗೆ ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಅದೃಷ್ಟದ ಪೆಟ್ಟಿಗೆಗಳನ್ನು ಮಾರುವುದಿಲ್ಲವೆಂದೂ, ಅವನ್ನು ನಿಜವಾದ ಹಣದಿಂದ ನೇರವಾಗಿ ಕೊಳ್ಳಲು ಎಡೆಗೊಡುವೆವೆಂದೂ ಒಪ್ಪಂದವಾಯಿತು.

ಅದೃಷ್ಟವನ್ನು ತೆಗೆದರೆ ಉಚಿತ ಆಟಗಳು ಬದುಕಲಾರವೆಂಬ ವಾದವೊಂದಿದೆ. ಬೆಲ್ಜಿಯಂ ದೇಶವು 2018ರಲ್ಲಿ ಇಂಥ ಪೆಟ್ಟಿಗೆಗಳನ್ನು ಜೂಜೆಂದು ಎಣಿಸಿದುದರಿಂದ, ಮರುವರ್ಷ ನಿಂಟೆಂಡೊ ಸಂಸ್ಥೆ ತನ್ನ ಎರಡು ಮೊಬೈಲು ಆಟಗಳನ್ನು ಅಲ್ಲಿಂದ ಹಿಂತೆಗೆದುಕೊಂಡದ್ದು ಈ ವಾದಕ್ಕೆ ಬಲ ಕೊಡುವಂತಿದೆ. ಆದರೆ ಕಾರುಗಳಿಂದ ಚೆಂಡಾಡುವ ರಾಕೆಟ್ ಲೀಗ್ ಎಂಬ ಆಟ 2019ರ ಡಿಸೆಂಬರಿನಲ್ಲಿ ಹಣಕ್ಕೆ ತೆರೆಯುವ ಮುಚ್ಚಿದ ಪೆಟ್ಟಿಗೆಗಳನ್ನು ಕೈಬಿಟ್ಟು, ದೊರೆಯುವ ವಸ್ತುವನ್ನೂ ಬೆಲೆಯನ್ನೂ ಮೊದಲೇ ತೋರಿಸತೊಡಗಿತು. 2020ರ ಸೆಪ್ಟೆಂಬರಿನಲ್ಲಿ ಎಲ್ಲರಿಗೂ ಉಚಿತವಾಯಿತು. ಬೆಲೆ ಕಣ್ಣಿಗೆ ಬಿದ್ದೊಡನೆ ಅದು ವಿಪರೀತವೆಂದು ಆಟಗಾರರು ಗಟ್ಟಿಯಾಗಿ ಆಕ್ಷೇಪಿಸಿದರು. 2019ರ ಡಿಸೆಂಬರಿನಲ್ಲಿಯೇ ಸಂಸ್ಥೆ ಬೆಲೆಗಳನ್ನು ಇಳಿಸಿತು.