ಹಾಡಿನೊಳಗಿಲ್ಲದ ಹೆಸರು

ಪ್ರಶ್ನೆ: ಮಗಳು ದಿನವೂ ಕೇಳುವ ರಾಕ್ ಹಾಡಿನ ಹೆಸರು ‘ಬಾಬಾ ಓ’ರೈಲಿ’. ಹಾಡಿನಲ್ಲಿ ಎಲ್ಲೂ ಈ ಹೆಸರು ಬರುವುದೇ ಇಲ್ಲ. ಯಾರೀ ಬಾಬಾ?
– ಓದುಗರು, ಶಿವಮೊಗ್ಗ

ಉತ್ತರ: ಪುಣೆಯಲ್ಲಿ ಹುಟ್ಟಿ, ಅಹಮದ್‌ನಗರದ ಬಳಿಯ ಮೆಹರಾಬಾದ್‌ನಲ್ಲಿ ಸಮಾಧಿಯಾದ ಮೆಹರ್ ಬಾಬಾ. ಹಾಡು ಬರೆದ ಇಂಗ್ಲೆಂಡಿನ ‘ದ ಹೂ’ ತಂಡದ ಪೀಟ್ ಟೌನ್ಸೆಂಡ್ ಈ ಬಾಬಾರ ಅನುಯಾಯಿ. ಇನ್ನರ್ಧ ಹೆಸರು ಅಮೆರಿಕದ ಸಂಯೋಜಕ ಟೆರಿ ರೈಲಿಯದು. ಪುಟ್ಟ ಸ್ವರಗುಚ್ಛಗಳನ್ನು ಮತ್ತೆ ಮತ್ತೆ ನುಡಿಸುತ್ತ ಸಂಗೀತ ಕಟ್ಟುವುದು ರೈಲಿಯ ಕ್ರಮ. 1971ರ ಈ ಹಾಡಿನ ಮೊದಲ ನಿಮಿಷವನ್ನು ಕಿವಿಗೊಟ್ಟು ಕೇಳಿ. ಆರ್ಗನ್ನಿನ ಸ್ವರಗಳು ಗಿರಗಿರನೆ ಸುತ್ತುತ್ತಲೇ ಇರುತ್ತವೆ. ಅದರ ಮೇಲೆ ಪಿಯಾನೊ, ಆಮೇಲೆ ಡ್ರಮ್ಸ್ ಬಂದು ಕೂಡಿಕೊಳ್ಳುತ್ತವೆ. ಆ ಸುತ್ತು ರೈಲಿಯ ಪ್ರಭಾವ. ಹಾಡಿನ ಮಾತು ಹೇಳದ ಋಣವನ್ನು ಹೆಸರು ಹೇಳುತ್ತಿದೆ.

ಪ್ರಶ್ನೆ: ಇಂಥ ವಿಚಿತ್ರ ಹೆಸರುಗಳೆಲ್ಲ ಗಮನ ಸೆಳೆಯುವ ತಂತ್ರವಲ್ಲವೇ?
– ಕಾಲೇಜು ವಿದ್ಯಾರ್ಥಿ, ಧಾರವಾಡ

ಉತ್ತರ: ಕೆಲವು ಹೌದು. ಆದರೆ ಮನಸ್ಸಿನಲ್ಲಿ ಉಳಿದ ಎಷ್ಟೋ ಹೆಸರುಗಳು ಅಕಸ್ಮಾತ್ತಾಗಿ ದಕ್ಕಿದವು. ನಿರ್ವಾಣ ತಂಡದ ಕರ್ಟ್ ಕೋಬೇನ್ ಕೋಣೆಯ ಗೋಡೆಯ ಮೇಲೆ ಗೆಳತಿ, ಗಾಯಕಿ ಕ್ಯಾಥ್ಲೀನ್ ಹ್ಯಾನಾ ಅವನಿಂದ ‘ಟೀನ್ ಸ್ಪಿರಿಟ್’ ವಾಸನೆ ಬರುತ್ತಿದೆಯೆಂದು ಗೀಚಿದ್ದಳು. ಅದು ಹುಡುಗಿಯರು ಬಳಸುವ ಡಿಯೋಡರೆಂಟಿನ ಹೆಸರೆಂದು ಕೋಬೇನ್‌ಗೆ ಗೊತ್ತಿರಲಿಲ್ಲ. ಬಂಡಾಯದ ಕರೆ ಎಂದೇ ಬಗೆದ. 1991ರ ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’ ಹಾಡಿಗೆ ಹೆಸರು ಸಿಕ್ಕಿದ್ದು ಹೀಗೆ. ಬೀಟಲ್ಸ್‌ನ ‘ಟುಮಾರೋ ನೆವರ್ ನೋಸ್’ ಡ್ರಮ್ಸ್ ವಾದಕ ರಿಂಗೋ ಸ್ಟಾರ್ ಬಾಯಿಂದ ಬಂದ ವಕ್ರ ಮಾತು. ತಂಬೂರಿಯ ಶ್ರುತಿಯ ಮೇಲೆ ನಿಂತ 1966ರ ಆ ಹಾಡಿನ ವೇದಾಂತ ತೀರಾ ಭಾರವಾಯಿತೆನಿಸಿ ಜಾನ್ ಲೆನನ್ ಅದನ್ನೇ ಹೆಸರಾಗಿಸಿದ.

ಪ್ರಶ್ನೆ: ನಮ್ಮ ಸಿನಿಮಾ ಹಾಡುಗಳಿಗೇಕೆ ಹೀಗೆ ಬೇರೆ ಹೆಸರಿಲ್ಲ?
– ಗೃಹಿಣಿ, ಮೈಸೂರು

ಉತ್ತರ: ನಮ್ಮಲ್ಲಿ ಪಲ್ಲವಿಯ ಮೊದಲ ಮಾತೇ ಹೆಸರು. ಗ್ರಾಮಾಫೋನ್ ತಟ್ಟೆಯ ಲೇಬಲ್ಲಿನಲ್ಲೂ ಅದೇ, ಆಕಾಶವಾಣಿಗೆ ಬರೆಯುವ ಕೋರಿಕೆ ಪತ್ರದಲ್ಲೂ ಅದೇ. ಹಾಡು ಗುನುಗಲು ಬಂದವರಿಗೆ ಹೆಸರೂ ಬಂದಂತೆಯೇ. ಬಹಳ ಒಳ್ಳೆಯ ಪದ್ಧತಿ. ಆದರೆ ಗುರುವಿಗೊಂದು ನಮಸ್ಕಾರ, ಗೆಳೆಯರ ಒಂದು ಮಾತು ಸೇರಲು ಅಲ್ಲಿ ಜಾಗವಿಲ್ಲ. ಸಿನಿಮಾದ ಹೊರಗೆ ಸ್ವಂತ ಹಾಡು ಕಟ್ಟುತ್ತಿರುವ ಕನ್ನಡದ ಹುಡುಗ ಹುಡುಗಿಯರಿಗೆ ಆ ಕಟ್ಟುಪಾಡಿಲ್ಲ. ಪಲ್ಲವಿಯನ್ನೇ ಎತ್ತಿ ಹೆಸರಿಡುವ ಮುನ್ನ, ಹಾಡು ಯಾರಿಂದ ಏನು ಪಡೆಯಿತೆಂದು ಅವರು ಒಮ್ಮೆ ಯೋಚಿಸಲಿ.