ಮೊಬೈಲಿನ ದಿಡ್ಡಿ ಬಾಗಿಲು: ಯುಎಸ್‌ಬಿ ಡೀಬಗಿಂಗ್ ಕುರಿತು ಬೆಳೆಗಾರರಿಗೆ ತಿಳಿವಳಿಕೆ



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಬೆಳೆಗಾರರ ವ್ಯವಹಾರ ಈಗ ಬಹುಮಟ್ಟಿಗೆ ಮೊಬೈಲಿನೊಳಗೇ ಸೇರಿದೆ. ಅಡಿಕೆಯ ಹಣ, ರೇಷ್ಮೆಗೂಡಿನ ಹಣ ಖಾತೆಗೆ ಜಮೆಯಾದ ಸುದ್ದಿ ಅದರಲ್ಲೇ ಬರುತ್ತದೆ. ಬೆಳೆ ಸಮೀಕ್ಷೆಯ ಫೋಟೋವನ್ನು ಹೊಲದಲ್ಲಿ ನಿಂತು ಅದರಲ್ಲೇ ತೆಗೆಯುತ್ತೇವೆ. ಇಂತಹ ಫೋನ್ ಕೆಟ್ಟಾಗ ದುರಸ್ತಿಯವರು ಕೆಲವೊಮ್ಮೆ "ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ" ಎನ್ನುವುದುಂಟು. ಹಾಗೆಂದರೇನು, ಮಾಡುವ ಕ್ರಮವೇನು, ಮಾಡಿದ ಮೇಲೆ ಮರೆಯಬಾರದ್ದೇನು ಎಂಬುದನ್ನು ಇಲ್ಲಿ ವಿವರಿಸಿದ್ದೇವೆ. ಇದು ಆಂಡ್ರಾಯ್ಡ್ ಫೋನುಗಳಿಗೆ ಸಂಬಂಧಿಸಿದ ವಿಷಯ.

ಹಾಗೆಂದರೇನು?

ಇಂಗ್ಲಿಷಿನ ‘ಬಗ್’ ಎಂದರೆ ಹುಳು. ಯಂತ್ರದ ದೋಷವನ್ನು ಹುಳುವೆನ್ನುವ ರೂಢಿ ಎಡಿಸನ್ನನ ಕಾಲದಿಂದಲೂ ಇತ್ತು. 1947ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಕಂಪ್ಯೂಟರೊಂದರಲ್ಲಿ ನಿಜವಾದ ಪತಂಗವೇ ಸಿಕ್ಕಿ, ಅದನ್ನು ದಾಖಲೆ ಪುಸ್ತಕಕ್ಕೆ ಅಂಟಿಸಿದರು. ಕಾಫಿ ಗಿಡದ ಕಾಂಡಕೊರಕವನ್ನು ಪತ್ತೆಹಚ್ಚಿ ತೆಗೆಯುವಂತೆ, ಸಾಫ್ಟ್‌ವೇರಿನ ದೋಷವನ್ನು ಪತ್ತೆಹಚ್ಚಿ ತೆಗೆಯುವುದೇ ಡೀಬಗಿಂಗ್.

ಹಳೆಯ ಕೋಟೆಗಳಲ್ಲಿ ಹೆಬ್ಬಾಗಿಲಲ್ಲದೆ ದಿಡ್ಡಿ ಬಾಗಿಲೂ ಇರುತ್ತಿತ್ತು. ಯುಎಸ್‌ಬಿ ಡೀಬಗಿಂಗ್ ಅಂಥದ್ದು. ಅದನ್ನು ತೆರೆದು ಅನುಮತಿ ಕೊಟ್ಟರೆ, ಕೇಬಲ್ಲಿನ ಆ ತುದಿಯ ಕಂಪ್ಯೂಟರ್ ಫೋನಿಗೆ ಆಪ್ ಹಾಕಬಹುದು, ಆಪ್ ತೆಗೆಯಬಹುದು, ಫೋಟೋಗಳನ್ನು ನಕಲು ಮಾಡಬಹುದು, ಪರದೆಯ ಮೇಲಿರುವುದನ್ನೂ ನೋಡಬಹುದು.

ಯಾವಾಗ ಬೇಕು?

ಆಪ್ ತಯಾರಿಸುವವರಿಗೆ ಪರೀಕ್ಷೆಗಾಗಿ ಇದು ಬೇಕು. ಫೋನಿನ ದೋಷದ ವಿವರ ಪಡೆಯಲು ದುರಸ್ತಿಯವರಿಗೂ ಬೇಕಾಗಬಹುದು. ಆದರೆ ಬರೀ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿಕೊಳ್ಳಲು ಇದರ ಅವಶ್ಯಕತೆಯೇ ಇಲ್ಲ. ಕೇಬಲ್ ಚುಚ್ಚಿ ‘ಫೈಲ್ ವರ್ಗಾವಣೆ’ ಆರಿಸಿದರೆ ಸಾಕು. ನಮ್ಮ ಹೆಚ್ಚಿನ ಸದಸ್ಯರಿಗೆ ಬೇಕಾಗುವುದು ಇಷ್ಟೇ.

ತೆರೆಯುವ ಕ್ರಮ

1. ‘ಸೆಟ್ಟಿಂಗ್ಸ್’ನಲ್ಲಿ ‘ಫೋನ್ ಕುರಿತು’ ಎಂಬಲ್ಲಿಗೆ ಹೋಗಿ. ಸ್ಯಾಮ್ಸಂಗ್ ಆದರೆ ಅದರೊಳಗಿನ ‘ಸಾಫ್ಟ್‌ವೇರ್ ಮಾಹಿತಿ’ಯನ್ನು ತೆರೆಯಿರಿ.

2. ‘ಬಿಲ್ಡ್ ಸಂಖ್ಯೆ’ಯ ಮೇಲೆ 7 ಸಲ ಒತ್ತಿ. ಫೋನ್ ಪಿನ್ ಕೇಳಿದರೆ ಕೊಡಿ. ‘ಡೆವಲಪರ್ ಆಯ್ಕೆಗಳು’ ಎಂಬ ಹೊಸ ಪಟ್ಟಿ ಕಾಣಿಸಿಕೊಳ್ಳುತ್ತದೆ.

3. ಆ ಪಟ್ಟಿಯಲ್ಲಿ ‘ಯುಎಸ್‌ಬಿ ಡೀಬಗಿಂಗ್’ ಆನ್ ಮಾಡಿ.

4. ಕೇಬಲ್ ಜೋಡಿಸಿ. ಬರೀ ಚಾರ್ಜಿಗೆಂದೇ ಮಾಡಿದ ಕೇಬಲ್ ಇದಕ್ಕೆ ಆಗುವುದಿಲ್ಲ.

5. ‘ಈ ಕಂಪ್ಯೂಟರಿಗೆ ಅನುಮತಿ ಕೊಡಬೇಕೆ?’ ಎಂದು ಫೋನ್ ಕೇಳುತ್ತದೆ. ಗುರುತಿನ ಕಂಪ್ಯೂಟರ್ ಆದರೆ ಮಾತ್ರ ಒಪ್ಪಿ. ‘ಯಾವಾಗಲೂ ಅನುಮತಿಸು’ ಎಂಬ ಚೌಕಕ್ಕೆ ಗುರುತು ಹಾಕಬೇಡಿ.

ಹೀಗೆ ಕೇಳುವ ಏರ್ಪಾಡು 2013ರ ಆಂಡ್ರಾಯ್ಡ್ 4.2.2ರಿಂದ ಬಂದಿತು. 2020ರ ಆಂಡ್ರಾಯ್ಡ್ 11ರಿಂದೀಚೆಗೆ, ಒಪ್ಪಿದ ಕಂಪ್ಯೂಟರಿಗೆ 7 ದಿನ ಮತ್ತೆ ಜೋಡಿಸದಿದ್ದರೆ ಅನುಮತಿ ಸಾಮಾನ್ಯವಾಗಿ ತಾನಾಗಿಯೇ ರದ್ದಾಗುತ್ತದೆ. ಆದರೂ ಕದ ಮುಚ್ಚುವ ಹೊಣೆ ನಮ್ಮದೇ.

ಮುಚ್ಚುವುದನ್ನು ಮರೆಯಬಾರದು

ಕೆಲಸ ಮುಗಿದೊಡನೆ ಅದೇ ಪಟ್ಟಿಯಲ್ಲಿ ಹಿಂದೆ ಕೊಟ್ಟ ಡೀಬಗಿಂಗ್ ಅನುಮತಿಗಳನ್ನೆಲ್ಲ ರದ್ದು ಮಾಡಿ, ಡೀಬಗಿಂಗನ್ನು ಆಫ್ ಮಾಡಿ, ಕೊನೆಗೆ ‘ಡೆವಲಪರ್ ಆಯ್ಕೆಗಳು’ ಎಂಬುದನ್ನೇ ಆಫ್ ಮಾಡಬೇಕು. ಇದು ತೆರೆದಿದ್ದರೆ ಕೆಲವು ಬ್ಯಾಂಕ್ ಆಪ್‌ಗಳು ಕೆಲಸ ಮಾಡಲು ಒಪ್ಪುವುದಿಲ್ಲ. ದುರಸ್ತಿಯಿಂದ ಬಂದ ಫೋನಿನಲ್ಲಿ ಹಣದ ಆಪ್ ತೆರೆಯದಿದ್ದರೆ ಮೊದಲು ಇದನ್ನೇ ನೋಡಿ. ನಕಲಿ ಸ್ಥಳ ತೋರಿಸುವ ಆಪನ್ನು ಆರಿಸುವ ಜಾಗವೂ ಇದೇ ಪಟ್ಟಿಯಲ್ಲಿದೆ. ಸಮೀಕ್ಷೆಯ ಫೋಟೋಗೆ ಸ್ಥಳದ ಗುರುತು ಸರಿಯಾಗಿ ಬೀಳಬೇಕಾದರೆ ಅದನ್ನು ಮುಟ್ಟದಿರುವುದೇ ಲೇಸು.

ಫೋನಿನಲ್ಲಿ ಕರೆಮಾಡಿ "ಬ್ಯಾಂಕಿನಿಂದ" ಎಂದು ಹೇಳಿ ಈ ಆಯ್ಕೆ ತೆರೆಯಿಸುವವರನ್ನು ನಂಬಬೇಡಿ. ಬಸ್ ನಿಲ್ದಾಣದಲ್ಲಿ ಚಾರ್ಜಿಗೆ ಹಾಕಿದಾಗ ಅನುಮತಿಯ ಪ್ರಶ್ನೆ ಬಂದರೆ ನಿರಾಕರಿಸಿ, ಕೇಬಲ್ ಕಿತ್ತುಬಿಡಿ. ಹಣ ಹೋಗಿದ್ದೇ ಆದರೆ ತಡಮಾಡದೆ 1930ಕ್ಕೆ ಕರೆಮಾಡಿ, ಬ್ಯಾಂಕಿಗೂ ತಿಳಿಸಿ.

ಇನ್ನೊಂದು ಮಾತು. ಪರದೆ ಪೂರ್ತಿ ಒಡೆದು ಕತ್ತಲಾದ ಮೇಲೆ ಡೀಬಗಿಂಗ್ ಆನ್ ಮಾಡಲು, ಅನುಮತಿ ಒತ್ತಲು ಸಾಮಾನ್ಯವಾಗಿ ದಾರಿಯಿರುವುದಿಲ್ಲ. ಅದಕ್ಕೆಂದು ಬಾಗಿಲನ್ನು ಸದಾ ತೆರೆದಿಡುವುದು ಜಾಣತನವಲ್ಲ. ಪಹಣಿ, ರಸೀದಿ, ತೋಟದ ಫೋಟೋಗಳನ್ನು ತಿಂಗಳಿಗೊಮ್ಮೆ ಬೇರೆಡೆ ನಕಲು ಮಾಡಿಡುವುದೇ ಸರಿಯಾದ ಉಪಾಯ.

— ಕಾರ್ಯದರ್ಶಿ