ಸಹಪಾಠಿಗೆ ಒಂದು ದಿನ

ಪುಟ್ಟೀ, ನೀನೀಗ ನ್ಯಾಷನಲ್ ಕಾಲೇಜು ಸ್ಟೇಷನ್ನಿನಲ್ಲಿ ಇಳಿಯುವುದೇ ಇಲ್ಲವಂತೆ. ಲಾಲ್‌ಬಾಗಿನವರೆಗೂ ಹೋಗಿ, ಅಲ್ಲಿಂದ ಹಿಂದಕ್ಕೆ ನಡೆದುಕೊಂಡು ಗಾಂಧಿ ಬಜಾರಿಗೆ ಬರುತ್ತೀಯಂತೆ. "ಎಷ್ಟು ದಿನ ಅಂತ ಹೀಗೆ, ದೊಡ್ಡಮ್ಮ?" ಅಂತ ನಿಮ್ಮಮ್ಮ ನನ್ನ ಹತ್ತಿರ ದೂರು ಹೇಳಿದಳು. ನನಗೆ ಅದರಲ್ಲಿ ದೂರು ಹೇಳುವಂಥದ್ದೇನೂ ಕಾಣಲಿಲ್ಲ. ಮಲ್ಲೇಶ್ವರದ ಕಾಲೇಜು ಮುಗಿಸಿ, ಸಂಪಿಗೆ ರಸ್ತೆಯಲ್ಲಿ ಜೊತೆಗೆ ಮೆಟ್ರೊ ಹತ್ತಿ, ಇಲ್ಲಿ ಜೊತೆಗೇ ಇಳಿದು, ಮೆಟ್ಟಿಲ ಬುಡದಲ್ಲಿ ಮತ್ತೂ ಅರ್ಧ ಗಂಟೆ ಹರಟಿ ಮನೆ ಸೇರುತ್ತಿದ್ದವರು ನೀನೂ ಈಗ ಇಲ್ಲವಾದ ನಿನ್ನ ಗೆಳತಿಯೂ. ಆ ಮೆಟ್ಟಿಲು ಸದ್ಯಕ್ಕೆ ಬೇಡ ಅನ್ನಿಸಿದರೆ ಬೇಡ. ನಿಮ್ಮಮ್ಮನಿಗೆ ನಾನು ಹೇಳಿಕೊಳ್ಳುತ್ತೇನೆ.

ನಮ್ಮ ಮನೆಗಳಲ್ಲಿ ಸಾವಿನ ಲೆಕ್ಕ ಬಹಳ ಕಟ್ಟುನಿಟ್ಟು. ಮುಖವನ್ನೇ ನೋಡದ ದಾಯಾದಿಯೊಬ್ಬರು ಧಾರವಾಡದಲ್ಲಿ ತೀರಿಕೊಂಡರೆ ಚಾಮರಾಜಪೇಟೆಯ ಮನೆಯಲ್ಲಿ ಹತ್ತು ದಿನ ಸೂತಕ. ದೇವರ ಕೋಣೆಯ ಬಾಗಿಲು ಮುಚ್ಚುತ್ತದೆ, ಒಗ್ಗರಣೆ ಹಾಕುವಂತಿಲ್ಲ, ಹಬ್ಬ ಮುಂದಿನ ವರ್ಷಕ್ಕೆ. ಹೈಸ್ಕೂಲಿನಿಂದ ಒಂದೇ ಡಬ್ಬಿಯಲ್ಲಿ ಚಿತ್ರಾನ್ನ ತಿಂದ ಗೆಳತಿ ಡೆಂಗಿ ಜ್ವರದಲ್ಲಿ ಹೋದರೆ? ಮಾರನೆಯ ದಿನ ಕೆಮಿಸ್ಟ್ರಿ ಪ್ರಾಕ್ಟಿಕಲ್ಸ್! ನೀನು ಅವಳಿಗೆ ಏನಾಗಬೇಕು ಅಂತ ಕೇಳಿದರೆ ಹೇಳಲು ಸಂಬಂಧದ ಹೆಸರಿಲ್ಲ. ಹಾಗಾಗಿ ರಜೆ ಇಲ್ಲ, ಸ್ನಾನ ಇಲ್ಲ, ಮನೆಗೆ ಬಂದು ಮಾತಾಡಿಸುವವರೂ ಇಲ್ಲ.

ಆದರೆ ಹಳಬರಿಗೆ ಈ ವಿಷಯ ಹೊಳೆದಿರಲಿಲ್ಲ ಅಂದುಕೊಳ್ಳಬೇಡ. ಮನುಸ್ಮೃತಿಯ ಐದನೇ ಅಧ್ಯಾಯದಲ್ಲಿ ಆಶೌಚದ, ಅಂದರೆ ಸೂತಕದ, ಪಟ್ಟಿ ಇದೆ. ಅದರಲ್ಲಿ, ಒಬ್ಬ ಗುರುವಿನ ಬಳಿ ಜೊತೆಗೆ ಓದಿದವನು ತೀರಿಕೊಂಡರೆ ಒಂದು ದಿನ ಅಂತ ಬರೆದಿದೆ. ಆ ಪುಸ್ತಕದ ಮಿಕ್ಕ ಮಾತುಗಳ ಬಗ್ಗೆ, ಅದರಲ್ಲೂ ಹೆಂಗಸರ ವಿಷಯಕ್ಕೆ ಬಂದರೆ, ನನಗೆ ಬೇಕಾದಷ್ಟು ತಕರಾರಿದೆ. ಈ ಒಂದು ದಿನವನ್ನು ಮಾತ್ರ ನಾವು ಯಾಕೆ ಬಿಟ್ಟುಕೊಟ್ಟೆವೋ ತಿಳಿಯದು. ನಿನಗೆ ಯಾರೂ ಕೊಡದ ಆ ದಿನವನ್ನು ನೀನೇ ತೆಗೆದುಕೋ ಅನ್ನುವುದಕ್ಕೇ ಇಷ್ಟೆಲ್ಲ ಹೇಳುತ್ತಿರುವುದು. ಒಂದು ಭಾನುವಾರ ಪುಸ್ತಕ ಮುಟ್ಟಬೇಡ. ನಮ್ಮ ಮನೆಗೆ ಬಾ, ಒಂದು ಸಿನಿಮಾ ನೋಡೋಣ.

ಸಿನಿಮಾ ಯಾಕೆ ಅಂತ ಹುಬ್ಬು ಹಾರಿಸುತ್ತೀಯ, ಗೊತ್ತು. ಬನಶಂಕರಿ ಎರಡನೇ ಹಂತದ ಸುಚಿತ್ರಾ ಫಿಲ್ಮ್ ಸೊಸೈಟಿಯಲ್ಲಿ ಚಿತ್ರ ನೋಡಿ ಬೆಳೆದ ತಲೆಮಾರು ನಮ್ಮದು. ಎರಡು ಗಂಟೆ ಕತ್ತಲಲ್ಲಿ ಕೂತರೆ ಯಾರೂ ಬಂದು "ಸಮಾಧಾನ ಮಾಡ್ಕೋ" ಅನ್ನುವುದಿಲ್ಲ. ಅತ್ತರೂ ಸರಿ, ಅಳದಿದ್ದರೂ ಸರಿ.

ನನ್ನ ಮನಸ್ಸಿನಲ್ಲಿರುವ ಒಂದು ಸಿನಿಮಾ ರೂಪಾ ರಾವ್ ಅವರ 'ಗಂಟುಮೂಟೆ', 2019ರ ಅಕ್ಟೋಬರಿನಲ್ಲಿ ತೆರೆಗೆ ಬಂದದ್ದು. ತೊಂಬತ್ತರ ದಶಕದ ಬೆಂಗಳೂರಿನ ಹೈಸ್ಕೂಲು ಅದು. ಮೀರಾ ಅಂತ ಒಬ್ಬ ಹುಡುಗಿ. ಸಲ್ಮಾನ್ ಖಾನ್ ಅಂದರೆ ಪ್ರಾಣ. ತರಗತಿಯ ಮಧುವಿನಲ್ಲಿ ಅವನ ಛಾಯೆ ಕಂಡು ಮರುಳಾಗುತ್ತಾಳೆ. ತೇಜು ಬೆಳವಾಡಿ ಮೀರಾ, ನಿಶ್ಚಿತ್ ಕೊರೋಡಿ ಮಧು. ದೊಡ್ಡ ಸ್ಟಾರು, ಫೈಟು ಯಾವುದೂ ಇಲ್ಲದ ಈ ಚಿತ್ರದ ಚಿತ್ರಕಥೆಗೆ ನ್ಯೂಯಾರ್ಕಿನ ಭಾರತೀಯ ಚಲನಚಿತ್ರೋತ್ಸವದಲ್ಲಿ ಬಹುಮಾನ ಬಂತು. ಕಥೆಯ ಕೊನೆಯ ಭಾಗದಲ್ಲಿ ಮಧು ಇಲ್ಲವಾಗುತ್ತಾನೆ. ಮೊದಲೇ ಹೇಳಿಬಿಡುತ್ತಿದ್ದೇನೆ, ಬೈದುಕೊಳ್ಳಬೇಡ. ಅದು ಗೊತ್ತಿಲ್ಲದೆ ಈಗ ನೀನು ಅದನ್ನು ನೋಡಕೂಡದು, ಒಬ್ಬಳೇ ರಾತ್ರಿ ಫೋನಿನಲ್ಲಂತೂ ಬೇಡವೇ ಬೇಡ.

ಆ ಚಿತ್ರದಲ್ಲಿ ನೀನು ಗಮನಿಸಬೇಕಾದದ್ದು ಒಂದಿದೆ. ಇಡೀ ಕಥೆಯನ್ನು ಹೇಳುವುದು ಮೀರಾಳ ದನಿ, ಅದೂ ಎಲ್ಲ ಮುಗಿದ ಮೇಲೆ. ಹಾಗಾಗಿ ಬೆಂಚು, ಕಾರಿಡಾರು, ಕದ್ದು ನೋಡಿದ ನೋಟ ಎಲ್ಲದರ ಮೇಲೂ ನೆನಪಿನ ಮಬ್ಬು ಕವಿದಿದೆ; ಅರ್ಧ ಕನಸು, ಅರ್ಧ ನಿಜ. ನಿನಗೂ ಈಗ ಆಗುತ್ತಿರುವುದು ಅದೇ. ಆ ಮಂಗಳವಾರ ನಿನ್ನ ಗೆಳತಿ "ಮೈಕೈ ನೋವು ಕಣೇ" ಅಂದದ್ದು ಈಗ ಗುಡುಗಿದ ಹಾಗೆ ಕೇಳುತ್ತಿದೆ. ಅವತ್ತು ಅದು ಮೈಕೈ ನೋವು ಅಷ್ಟೇ. ಟೆಸ್ಟ್ ಇತ್ತು, ನೀನು ನೋಡಲು ಹೋಗಲಿಲ್ಲ. ಹೋಗಿದ್ದರೆ ಜ್ವರ ಇಳಿಯುತ್ತಿತ್ತೇ? ಸಿನಿಮಾ ಮಾಡುವವರಿಗೆ ಕೊನೆ ಏನು ಅಂತ ಮೊದಲೇ ಗೊತ್ತಿರುತ್ತದೆ; ಬೇಕಾದಲ್ಲಿ ಸುಳಿವು ಇಡುತ್ತಾರೆ. ನಿನಗೆ ಕೊನೆ ಗೊತ್ತಿರಲಿಲ್ಲ. ಈಗ ಹಿಂದಕ್ಕೆ ತಿರುಗಿ ದಿನದಿನವನ್ನೂ ಜರಡಿ ಹಿಡಿದು ಸುಳಿವು ಹುಡುಕುವ ಕೆಲಸ ನಿಲ್ಲಿಸು.

ಇನ್ನೊಂದು ಸುಮಂತ್ ಭಟ್ ಅವರ 'ಮಿಥ್ಯ', 2025ರ ಮಾರ್ಚಿನಲ್ಲಿ ಬಿಡುಗಡೆಯಾದದ್ದು. ಹನ್ನೊಂದು ವರ್ಷದ ಮಿಥುನ್ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡು ಮುಂಬೈಯಿಂದ ಉಡುಪಿಗೆ, ಬಂಧುಗಳ ಮನೆಗೆ ಬರುತ್ತಾನೆ. ಆತಿಶ್ ಶೆಟ್ಟಿ ಎಂಬ ಹುಡುಗ ಆ ಪಾತ್ರ ಮಾಡಿದ್ದಾನೆ. ಅವನ ಮೌನ, ಅವನ ಸಿಡುಕು ನೋಡು. ದುಃಖ ಅಂದರೆ ಕಣ್ಣೀರು ಅಂತ ದೊಡ್ಡವರು ತಿಳಿದಿರುತ್ತೇವೆ. ಮಕ್ಕಳಲ್ಲಿ ಅದು ತಟ್ಟೆ ತಳ್ಳುವುದರಲ್ಲಿ, ಬಾಗಿಲು ಬಡಿಯುವುದರಲ್ಲಿ ಹೊರಬೀಳುತ್ತದೆ. ಹೋದ ವಾರ ನೀನು ತಮ್ಮನ ಕ್ರಿಕೆಟ್ ಬ್ಯಾಟನ್ನು ಬಾಲ್ಕನಿಯಿಂದ ಎಸೆದದ್ದು ನನ್ನ ಕಿವಿಗೂ ಬಿದ್ದಿದೆ. ತಪ್ಪು ತಪ್ಪೇ, ಅವನ ಹತ್ತಿರ ಸಾರಿ ಕೇಳು. ಅಷ್ಟಕ್ಕೆ ನಿನಗೇನೋ ಹುಚ್ಚು ಹಿಡಿಯುತ್ತಿದೆ ಅಂತ ಹೆದರಬೇಡ.

ಇವೆಲ್ಲ ಹೊಸದೇನೂ ಅಲ್ಲ. 1977ರಲ್ಲೇ ಗಿರೀಶ ಕಾಸರವಳ್ಳಿ 'ಘಟಶ್ರಾದ್ಧ' ಮಾಡಿದಾಗ, ದೊಡ್ಡವರ ಕ್ರೌರ್ಯದಲ್ಲಿ ತನ್ನ ಒಬ್ಬಳೇ ಆಪ್ತೆ ಯಮುನಕ್ಕನನ್ನು ಕಳೆದುಕೊಳ್ಳುವ ಪುಟ್ಟ ನಾಣಿಯ ಕಣ್ಣಿನಿಂದಲೇ ಕಥೆ ಹೇಳಿದ್ದರು. ದೊಡ್ಡವರು ಬದುಕಿದ್ದವಳಿಗೇ ಶ್ರಾದ್ಧ ಮಾಡಿದರು; ಅವಳಿಗಾಗಿ ಅತ್ತ ಹುಡುಗನನ್ನು ಕೇಳುವವರಿಲ್ಲ. ಅದನ್ನು ಮುಂದೆಂದಾದರೂ ನೋಡು, ಈಗ ಅವಸರವಿಲ್ಲ.

ಕನಸಿನ ವಿಷಯ ಕೇಳಿದ್ದೆಯಲ್ಲ. ನಿನ್ನ ಗೆಳತಿ ಕನಸಿಗೆ ಬಂದು, ನೋಟ್ಸ್ ವಾಪಸ್ ಕೊಡು ಅಂತ ಜಗಳ ಆಡುತ್ತಾಳೆ ಅಂತ. ಪಕ್ಕದ ಮನೆಯವರು ಶಾಂತಿ ಮಾಡಿಸಿ ಅಂದರಂತೆ. ಮಾಡಿಸಿದರೆ ಮನೆಯವರಿಗೆ ನೆಮ್ಮದಿ, ನನ್ನ ಅಭ್ಯಂತರವಿಲ್ಲ. ಆದರೆ ಅವಳು ನಿನ್ನನ್ನು ಕಾಡಲು ಬರುತ್ತಿಲ್ಲ ಮಗೂ. ದಿನಾ ಜಗಳ ಆಡುತ್ತಿದ್ದವಳು ಕನಸಿನಲ್ಲಿ ಬಂದು ಆಶೀರ್ವಾದ ಮಾಡುತ್ತಾಳೆಯೇ? ಎದ್ದ ಕೂಡಲೇ ಕನಸನ್ನು ಒಂದು ಪುಸ್ತಕದಲ್ಲಿ ಬರೆದಿಡು. ವಾಟ್ಸ್‌ಆ್ಯಪ್‌ನಲ್ಲಿರುವ ಅವಳ ಮಾತುಗಳನ್ನು ಸಿಟ್ಟಿನಲ್ಲಿ ಅಳಿಸಬೇಡ. ಹಾಗೆಂದು ನಡುರಾತ್ರಿ ಕೂತು ಓದಲೂ ಬೇಡ.

ಊಟ ಸೇರದೆ, ನಿದ್ದೆ ಬಾರದೆ ವಾರಗಟ್ಟಲೆ ಹಾಗೇ ಉಳಿದರೆ, ಅಥವಾ ನಾನೂ ಹೋಗಿಬಿಡಬೇಕು ಅಂತ ಒಂದು ಸಲವಾದರೂ ಅನ್ನಿಸಿದರೆ, ಆ ಕ್ಷಣ ನನ್ನನ್ನು ಎಬ್ಬಿಸು. ಎಷ್ಟು ಹೊತ್ತಾದರೂ ಸರಿ, ನನಗೆ ಹೇಗೂ ನಿದ್ದೆ ಕಡಿಮೆ. ಅಜ್ಜಿಗೆ ಹೇಳಲು ಸಂಕೋಚವಾದರೆ 14416ಕ್ಕೆ ಫೋನ್ ಮಾಡು. ಅದು ಟೆಲಿ ಮಾನಸ್, 2022ರಿಂದ ಸರ್ಕಾರವೇ ನಡೆಸುತ್ತಿರುವುದು. ನಮ್ಮೂರಿನ ನಿಮ್ಹಾನ್ಸ್ ಅದರ ಹಿಂದಿದೆ. ದುಡ್ಡಿಲ್ಲ, ದಿನದ ಯಾವ ಹೊತ್ತಿಗೂ ಕನ್ನಡದಲ್ಲೇ ಮಾತಾಡಬಹುದು. ನಂಬರನ್ನು ಈಗಲೇ ಸೇವ್ ಮಾಡಿಕೋ, ಬೇಕಾಗದಿದ್ದರೂ ಇರಲಿ.

ಇನ್ನು ಕಷ್ಟದ ಕೆಲಸ. ನಿನ್ನ ಗೆಳತಿಯ ಅಮ್ಮನನ್ನು ನೋಡಲು ಹೋಗಬೇಕು. ಏನು ಮಾತಾಡಲಿ ಅನ್ನುತ್ತೀಯ. ಸಮಾಧಾನ ಹೇಳುವುದು ನಿನ್ನ ಕೆಲಸವಲ್ಲ, ಅದಕ್ಕೆ ನೆಂಟರಿದ್ದಾರೆ. ಆ ತಾಯಿಗೆ ಗೊತ್ತಿಲ್ಲದ ಮಗಳೊಬ್ಬಳು ನಿನಗೆ ಗೊತ್ತು. ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಕಿವಿಯೋಲೆಗೆ ಚೌಕಾಸಿ ಮಾಡುತ್ತಿದ್ದವಳು, ಬ್ಯೂಗಲ್ ರಾಕ್ ಮೇಲೆ ಕೂತು ಲೆಕ್ಚರರ್ ನಕಲು ಮಾಡುತ್ತಿದ್ದವಳು, ಕಡಲೆಕಾಯಿ ಪರಿಷೆಯಲ್ಲಿ ಕೊಳ್ಳದೇ ರುಚಿ ನೋಡಿಯೇ ಹೊಟ್ಟೆ ತುಂಬಿಸಿಕೊಂಡವಳು. ಅದನ್ನು ಹೇಳು. ಅತ್ತರೆ ಅಳಲಿ, ನೀನೂ ಅಳು. ನಗು ಬಂದರೆ ತಡೆಯಬೇಡ, ಸಾವಿನ ಮನೆಯಲ್ಲಿ ನಗಬಾರದು ಅನ್ನುವ ಶಾಸ್ತ್ರವನ್ನು ನಾನು ಒಪ್ಪುವುದಿಲ್ಲ. ಆ ನೋಟ್ಸನ್ನೂ ತೆಗೆದುಕೊಂಡು ಹೋಗು. ಕೊಡಬೇಕೋ ನೀನೇ ಇಟ್ಟುಕೊಳ್ಳಬೇಕೋ ಅವರನ್ನೇ ಕೇಳು. ಬೆಳಿಗ್ಗೆ ಹೋಗಬೇಡ, ಮನೆತುಂಬ ಜನ ಇರುತ್ತಾರೆ. ಫೋನ್ ಮಾಡಿಕೊಂಡು ಸಂಜೆ ನಾಲ್ಕರ ಮೇಲೆ ಹೋಗು. ಒಬ್ಬಳೇ ಹೋಗುವ ಧೈರ್ಯ ಸಾಲದಿದ್ದರೆ ಹೇಳು, ಗೇಟಿನವರೆಗೆ ನಾನೂ ಬರುತ್ತೇನೆ.